ಬೆವರು ಆರಲಿ

ನನಗೆ ಮೊದಲಿನಿಂದಲೂ ದರ್ಪ ಜಾಸ್ತಿ. ತಂಗಿ ಪೊಲೀಸ್ ಕಾನ್‌ಸ್ಟೆಬಲ್ ಲಿಖಿತ ಪರೀಕ್ಷೆ ಪಾಸಾಗಿ, ಇನ್ನು ಓಟ ಒಂದೇ ಬಾಕಿ ಅಂದಾಗ, ಅವಳು ಕೇಳದಿದ್ದರೂ ನಾನೇ ಕೋಚ್ ಆಗಿಬಿಟ್ಟೆ. ವಯಸ್ಸಿನ ಲೆಕ್ಕದಲ್ಲಿ ಅವಳಿಗೆ ಅದೇ ಕೊನೇ ಅವಕಾಶ. ಓಡಿಸೋದು ನನಗೇನು ಗೊತ್ತಿತ್ತು, ಮಣ್ಣು. ಮೊಬೈಲಿನಲ್ಲಿ ಟೈಮ್ ನೋಡೋದು, ಬೈಯೋದು, ಅಷ್ಟೇ.

ಓಟ ಬಿಸಿಲಲ್ಲೇ ನಡೆಸ್ತಾರೆ ಅಂತ ಯಾರೋ ಹೇಳಿದ್ದರು. ಅದಕ್ಕೇ ಏಪ್ರಿಲ್‌ನ ಒಂದು ಮಧ್ಯಾಹ್ನ ಮೂರು ಗಂಟೆಗೆ ಅವಳನ್ನು ದಟ್ಟಗಳ್ಳಿಯ ನಮ್ಮ ಮನೆ ಹಿಂದಿನ ಹೊಸ ಬಡಾವಣೆಗೆ ಎಳೆದುಕೊಂಡು ಹೋದೆ. ಖಾಲಿ ಸೈಟುಗಳು, ನಡುವೆ ಟಾರು ರಸ್ತೆ, ಒಂದು ಮರವಿಲ್ಲ. ಹಿಂದಿನ ದಿನ ಮಳೆ ಬಂದು ಸೆಕೆ ಬೇರೆ.

ಎರಡು ಸುತ್ತು ಓಡಿ ಬಂದವಳು ನೀರು ಕೇಳಿದಳು. ಬಾಟಲಿ ನನ್ನ ಬ್ಯಾಗಿನಲ್ಲೇ ಇತ್ತು. ಬಿಸಿಲಿಂದ ಬಂದವರಿಗೆ ಬೆವರು ಆರುವ ತನಕ ಅವ್ವ ನೀರು ಕೊಡುತ್ತಿರಲಿಲ್ಲ, ಜ್ವರ ಬರುತ್ತೆ ಅನ್ನೋಳು. ನಾನೂ ಅದನ್ನೇ ಅಂದೆ, "ಬೆವ್ರು ಆರ್ಲಿ ತಡಿಯೇ, ಆಮೇಲೆ ಕುಡಿವಂತೆ." ಅವಳ ಗಲ್ಲದಿಂದ ಬೆವರು ತೊಟ್ಟಿಕ್ಕುತ್ತಲೇ ಇತ್ತು. ಕಾಯುತ್ತಾ ಕೂತರೆ ಹೊತ್ತು ಹೋಗುತ್ತೆ ಅಂತ ಮತ್ತೆ ಓಡಿಸಿದೆ. ಮತ್ತೆ ಕೇಳಿದಳು, ಮತ್ತೆ ಅದೇ ಮಾತು.

ಆರನೇ ಸುತ್ತಿಗೆ ಅವಳ ಕಾಲು ತೊಡರುತ್ತಿತ್ತು. ಹತ್ತಿರ ಬಂದು ಕೈ ಚಾಚಿದಳು. "ನೋಡಕ್ಕ, ಬೆವ್ರೇ ಇಲ್ಲ. ಈಗ್ಲಾದ್ರೂ ಕೊಡು." ನಿಜಕ್ಕೂ ಕೈ ಒಣಗಿತ್ತು, ಕಾದ ಕಾವಲಿ ಹಾಗೆ ಸುಡುತ್ತಿತ್ತು. ನಾನೋ, ಸದ್ಯ ಆರಿತಲ್ಲ ಅಂತ ಬಾಟಲಿ ಕೊಟ್ಟೆ. ಅವಳಿಗೆ ಮುಚ್ಚಳ ತಿರುಗಿಸೋಕೆ ಆಗಲಿಲ್ಲ. ನನ್ನನ್ನೇ "ಅವ್ವ" ಅಂತ ಕರೆದು ರಸ್ತೆಯಲ್ಲೇ ಕುಸಿದಳು.

ಆಸ್ಪತ್ರೆಯಲ್ಲಿ ಅವಳ ಕಂಕುಳಿಗೆ, ಕತ್ತಿಗೆ ಐಸ್ ಇಟ್ಟರು. ಡಾಕ್ಟರು ನಿಧಾನವಾಗಿ ತಿಳಿಸಿ ಹೇಳಿದರು. ಓಡುವಾಗ ಮೈಯೊಳಗಿನ ಸ್ನಾಯುಗಳೇ ಕಾವು ಹುಟ್ಟಿಸುತ್ತವಂತೆ. ರಕ್ತ ಅದನ್ನು ಚರ್ಮಕ್ಕೆ ತಂದು ಹಾಕುತ್ತೆ, ಬೆವರು ಆರುತ್ತಾ ಹೊರಗೆ ಹೊತ್ತುಕೊಂಡು ಹೋಗುತ್ತೆ. ಸೆಕೆಯಲ್ಲಿ ಬೆವರು ಸುಮ್ಮನೆ ಸುರಿಯುತ್ತೆ, ಆರಲ್ಲ. ಒಳಗಿನ ನೀರು ತೀರುತ್ತಾ ಬಂದರೆ ಕೊನೆಗೆ ಬೆವರೂ ನಿಲ್ಲಬಹುದು. "ನಿಂತ್ರೆ ಮೈ ತಂಪಾಯ್ತು ಅಂತಲ್ಲಮ್ಮ, ಸೋತೋಯ್ತು ಅಂತ," ಅಂದರು. ಆಮೇಲೆ, "ನೀರು ಕೊಟ್ಟಿರ್ಲಿಲ್ವಾ?" ಅಂತ ಕೇಳಿದರು. ನಾನು ತುಂಬಿದ್ದ ಬಾಟಲಿಯನ್ನು ಬ್ಯಾಗಿನೊಳಗೆ ಇನ್ನೂ ಕೆಳಕ್ಕೆ ತಳ್ಳಿದೆ.

ಐದನೇ ದಿನ ತಂಗಿಗೆ ಪೂರ್ತಿ ಎಚ್ಚರವಾಯಿತು. ಅಕ್ಕ ನೀರು ಕೊಟ್ಟಿರಲಿಲ್ವಾ ಅಂತ ಅವ್ವನೂ ಅವಳನ್ನು ಕೇಳಿದಳು.

"ಅಕ್ಕ ಕೊಡ್ತಾನೇ ಇದ್ಲು ಕಣವ್ವ. ನಾನೇ ಕುಡೀಲಿಲ್ಲ," ಅಂದಳು ತಂಗಿ, ನನ್ನ ಮುಖ ನೋಡದೆ. ನನಗೆ ಜೀವ ಬಂದ ಹಾಗಾಯಿತು. ಅದನ್ನು ನೆನೆಸಿಕೊಂಡರೆ ಇವತ್ತಿಗೂ ನಾಚಿಕೆಯಾಗುತ್ತೆ.

ಓಟದ ದಿನ ಅವಳು ವಾರ್ಡಿನಲ್ಲೇ ಇದ್ದಳು. ಈಗ ನಜರ್‌ಬಾದಿನ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸ. ಬಿಸಿಲಲ್ಲಿ ಬಸ್ ಸ್ಟಾಪಿನವರೆಗೆ ನಡೆದರೂ ತಲೆ ಸುತ್ತುತ್ತೆ ಅವಳಿಗೆ. ಊಟಕ್ಕೆ ಕೂತಾಗ ಅವ್ವ ಈಗಲೂ ಬೈಯುತ್ತಾಳೆ, ಅಕ್ಕ ಅಷ್ಟು ಬಡಕೊಂಡರೂ ಕೇಳಲಿಲ್ಲ, ಹಟಮಾರಿ, ಕೈಯಾರೆ ಕೆಲಸ ಕಳಕೊಂಡಳು ಅಂತ. ತಂಗಿ ತಲೆ ತಗ್ಗಿಸಿಕೊಂಡು ಅನ್ನ ಕಲಸುತ್ತಾಳೆ. ನಾನು ಸಾರು ಬಡಿಸುತ್ತೇನೆ.