ಐದನೆಯ ಚಿತ್ರ ಮತ್ತು ಮಧುಕೇಶ್ವರ ಹೆಗಡೆಯವರು

ಫೋಟೋಗಳಲ್ಲಿ ಅಡಗಿದ್ದನ್ನು ಲೆಕ್ಕದಿಂದ ಹೊರತೆಗೆಯುವ ಚಿತ್ರಸಂಸ್ಕರಣೆಯೆಂಬ ವಿದ್ಯೆಯನ್ನು ಶಿರಸಿಯ ಕಾಲೇಜೊಂದರ ಮೂರೇ ಕಂಪ್ಯೂಟರುಗಳ ಕೋಣೆಗೆ ತಂದು, ಗಣಿತವೆಂದರೆ ಬೆವರುತ್ತಿದ್ದ ಹಳ್ಳಿಯ ಮಕ್ಕಳಿಗೂ ಅದನ್ನು ಒಲಿಸಿಕೊಟ್ಟ ಪ್ರೊಫೆಸರ್ ಮಧುಕೇಶ್ವರ ಹೆಗಡೆಯವರು ಮೂವತ್ತೊಂದು ವರ್ಷಗಳ ಸೇವೆಯ ನಂತರ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ. ಅವರ ಅಭಿನಂದನ ಸಂಪುಟಕ್ಕೆ ಈ ಸಾಲುಗಳನ್ನು ಬರೆಯುತ್ತಿರುವ ತ್ಯಾಗಲಿಯ ರೋಹಿಣಿ ನಾಯ್ಕ ಅವರ ಶಿಷ್ಯೆ. ೨೦೦೧ರಲ್ಲಿ ಬಸ್ಸು ತಪ್ಪಿ ತಡವಾಗಿ ಬರುತ್ತಿದ್ದ ಅವಳಿಗೆ ತಪ್ಪಿಹೋದ ಪಾಠವನ್ನು ತಮ್ಮ ಊಟದ ಬಿಡುವಿನಲ್ಲಿ ಮತ್ತೆ ಹೇಳಿಕೊಟ್ಟವರು ಅವರು.

೨೦೦೩ರಲ್ಲಿ ರೋಹಿಣಿಯ ಅಜ್ಜಿ ಚೌಡಮ್ಮನ ಮನೆಯ ಹಳೆಯ ಗೋಡೆ ಕೆಡವುವುದೆಂದಾಯಿತು. ಅದರ ಮೇಲೆ ಅಜ್ಜಿಯ ತಾಯಿ ಅಕ್ಕಿಹಿಟ್ಟಿನಲ್ಲಿ ಬರೆದ ಹಸೆಚಿತ್ತಾರ ನಲವತ್ತು ವರ್ಷಗಳ ಒಲೆಯ ಮಸಿಯಡಿ ಮುಚ್ಚಿಹೋಗಿತ್ತು. "ಒಂದ್ಸಲ ಅವ್ವನ ಕೈ ನೋಡ್ಬೇಕು ಹೆಗಡೇರೆ," ಎಂದಿದ್ದಳು ಅಜ್ಜಿ. ಹೆಗಡೆಯವರು ಐದು ಬಣ್ಣದ ಗಾಜುಗಳನ್ನು ಒಂದೊಂದಾಗಿ ಕ್ಯಾಮೆರಾಕ್ಕೆ ಹಿಡಿದು ಗೋಡೆಯ ಫೋಟೋ ತೆಗೆದರು.

ಪ್ರಧಾನ ಘಟಕ ವಿಶ್ಲೇಷಣೆಯೆಂಬ ಲೆಕ್ಕವು ಆ ಐದನ್ನೂ ಬೆರೆಸಿ ಹೊಸ ಐದು ಚಿತ್ರಗಳನ್ನು ಕೊಡುತ್ತದೆ. ಹೆಚ್ಚು ವ್ಯತ್ಯಾಸ ತುಂಬಿದ್ದು ಮೊದಲು, ತೀರಾ ಕಡಿಮೆಯದು ಕೊನೆಗೆ. ಕೊನೆಯವನ್ನು ಕಸವೆಂದು ಬಿಡುವುದು ರೂಢಿ. ಪರೀಕ್ಷಾ ಕೆಲಸಕ್ಕೆ ಯಲ್ಲಾಪುರಕ್ಕೆ ಹೊರಟ ಹೆಗಡೆಯವರು, "ನಾನು ಬರೂವರೆಗೆ ಎಂತದೂ ಅಳಿಸ್ಬೇಡ," ಎಂದಿದ್ದರು. ಕಂಪ್ಯೂಟರಿನಲ್ಲಿ ಜಾಗ ಮುಗಿಯಿತು. ಪುಸ್ತಕದಲ್ಲಿ ಓದಿದ ಆ ರೂಢಿಯನ್ನೇ ನಂಬಿ ರೋಹಿಣಿ ಮೊದಲೆರಡು ಚಿತ್ರ ಉಳಿಸಿಕೊಂಡು ಮಿಕ್ಕದ್ದನ್ನೆಲ್ಲ, ಮೂಲ ಫೋಟೋಗಳ ಸಮೇತ, ಅಳಿಸಿಬಿಟ್ಟಳು.

ಉಳಿದೆರಡರಲ್ಲಿ ಇದ್ದದ್ದು ಮಸಿ ಮತ್ತು ಕಿಟಕಿಯ ಬೆಳಕು ಮಾತ್ರ. ಹೊರಡುವ ಮುನ್ನ ಹೆಗಡೆಯವರು ಗೋಡೆಯ ಅಂಗೈಯಗಲದ ಮೂಲೆಯೊಂದರ ಐದೂ ಹೊಸ ಚಿತ್ರಗಳನ್ನು ಪರೀಕ್ಷೆಗೆಂದು ಕಾಗದದಲ್ಲಿ ಮುದ್ರಿಸಿಟ್ಟಿದ್ದರು. ಅದರ ಐದನೆಯ ಚಿತ್ರದಲ್ಲಿ ಹಸೆಯ ಬಿಳಿ ಗೆರೆಗಳು ನಿಚ್ಚಳವಾಗಿ ಎದ್ದಿದ್ದವು. ಅಷ್ಟರಲ್ಲಿ ಗೋಡೆ ನೆಲಕ್ಕೆ ಬಿದ್ದಾಗಿತ್ತು.

ಮರಳಿ ಬಂದ ಹೆಗಡೆಯವರು ಒಂದು ಮಾತೂ ಬೈಯಲಿಲ್ಲ. ಭಾನುವಾರ ಆ ಮೂಲೆಯ ಕಾಗದ ಹಿಡಿದು ತ್ಯಾಗಲಿಗೆ ತಾವೇ ಬಂದು, "ನನ್ನ ಕೈತಪ್ಪಿಂದ ಎಲ್ಲ ಅಳಿಸಿಹೋತು ಚೌಡಮ್ಮ," ಎಂದರು. ಪಕ್ಕದಲ್ಲೇ ನಿಂತಿದ್ದ ರೋಹಿಣಿ ಚಹಾದ ಲೋಟವನ್ನು ಅವರ ಮುಂದಿಟ್ಟು ಒಳಗೆ ಸರಿದಳು.

"ಇಷ್ಟೆಲ್ಲ ಓದಿದವ್ರು, ಒಂದು ಚಿತ್ರ ಕಾಯಾಕೆ ಆಗ್ಲಿಲ್ವಾ?" ಎಂದಳು ಅಜ್ಜಿ.

ಅವರ ಹೆಸರೆತ್ತಿದಾಗಲೆಲ್ಲ ಅಜ್ಜಿ ಅದನ್ನೇ ಗೊಣಗುತ್ತಿದ್ದಳು. ಇವತ್ತು ಹೇಳಿದರಾಯಿತು, ನಾಳೆ ಹೇಳಿದರಾಯಿತು ಎಂದು ಮೊಮ್ಮಗಳು ನಾಲ್ಕು ವರ್ಷ ದೂಡಿದಳು. ೨೦೦೭ರಲ್ಲಿ ಅಜ್ಜಿ ತೀರಿಕೊಂಡಳು. ಆ ನಾಚಿಕೆ ರೋಹಿಣಿಯನ್ನು ಇಂದಿಗೂ ಬಿಟ್ಟಿಲ್ಲ.

ಪೂಜ್ಯ ಹೆಗಡೆಯವರು ಆರೋಗ್ಯದಿಂದ ನೂರು ಕಾಲ ಬಾಳಲಿ, ಮಸಿ ಹಿಡಿದ ಇನ್ನಷ್ಟು ಗೋಡೆಗಳು ಅವರ ಕೈಯಲ್ಲಿ ಬೆಳಗಲಿ. ಅಳಿಸಿದವಳು ರೋಹಿಣಿ; ಅದನ್ನು ಈ ಸಂಪುಟ ಓದುವವರೆಲ್ಲ ತಿಳಿಯಲಿ. ತಿಳಿಯಬೇಕಾಗಿದ್ದ ಒಬ್ಬಳು ಮಾತ್ರ ಅವರನ್ನು ಬೈದುಕೊಂಡೇ ಹೋದಳು.