ಸರೋಜಮ್ಮನವರ ರಂಗೂನ್ ಪೆಟ್ಟಿಗೆ

ಇದನ್ನು ಕಥೆಯೆಂದುಕೊಂಡು ಓದುವವರು ಓದಬಹುದು, ನನಗೇನೂ ಬೇಸರವಿಲ್ಲ. ಆದರೆ ಇದು ಚಾಮರಾಜಪೇಟೆಯ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ನಡೆದದ್ದು. ನಾನು ಕಣ್ಣಾರೆ ಕಂಡೆ, ಕೈಯಾರೆ ಮುಟ್ಟಿದೆ. ಜೊತೆಗೆ ನನ್ನ ಗಂಡ ರಮೇಶ್ ಕೂಡ ಇದ್ದರು. ಇವತ್ತಿಗೂ ಆ ಮಾತೆತ್ತಿದರೆ ಅವರು ಎದ್ದು ಹೊರಗೆ ಹೋಗಿಬಿಡುತ್ತಾರೆ.

ಪೆಟ್ಟಿಗೆ ಬಂದದ್ದು ಬಸವನಗುಡಿಯಿಂದ. ನಾನು ಪಾಠ ಮಾಡುವ ಶಾಲೆಯಲ್ಲೇ ಟೀಚರಾಗಿದ್ದು ನಿವೃತ್ತರಾದ ಸರೋಜಮ್ಮನವರ ಮನೆಯನ್ನು ಕೆಡವಿ ಅಪಾರ್ಟ್‌ಮೆಂಟ್ ಕಟ್ಟುವವರಿದ್ದರು. ಸಾಮಾನು ಸಾಗಿಸುವಾಗ ನನ್ನನ್ನು ಕರೆಸಿ, ಇದನ್ನು ನೀನು ಇಟ್ಟುಕೋ ಎಂದರು. ತೇಗದ ಪೆಟ್ಟಿಗೆ, ಮೂಲೆಗಳಿಗೆ ಹಿತ್ತಾಳೆ ಪಟ್ಟಿ. ಒಬ್ಬರು ಕಾಲು ಮಡಚಿ ಮಲಗುವಷ್ಟು ದೊಡ್ಡದು. ಅವರ ಮಾವನ ತಂದೆ ರಂಗೂನಿನ ಮರದ ಡಿಪೋದಲ್ಲಿ ಗುಮಾಸ್ತರಾಗಿದ್ದಾಗ ಮಾಡಿಸಿದ್ದಂತೆ. ಯುದ್ಧದ ಸಮಯದಲ್ಲಿ ಸಂಸಾರದ ಜೊತೆ ಹಡಗು ಹತ್ತಿ ಮದರಾಸಿಗೆ ಬಂದಿತ್ತು. ಅಲ್ಲಿಂದ ರೈಲಿನಲ್ಲಿ ಕೋಲಾರದ ಚಿನ್ನದ ಗಣಿಗೆ, ಕೊನೆಗೆ ಬಸವನಗುಡಿಗೆ.

ಇದನ್ನೆಲ್ಲ ಅವರು ಖುಷಿಯಿಂದಲೇ ಹೇಳಿದರು. ಒಂದು ಮಾತ್ರ ವಿಚಿತ್ರವೆನಿಸಿತು... ಪೆಟ್ಟಿಗೆಯ ತುಂಬ ಹಳೆಯ ಜಮಖಾನ, ಕಂಬಳಿಗಳಿದ್ದವು. ತೆಗೆದರೆ ಹೊರುವುದು ಸುಲಭವೆಂದು ಲಗೇಜ್ ಆಟೋದವನು ಎಷ್ಟು ಹೇಳಿದರೂ ಸರೋಜಮ್ಮ ಕೈ ಹಚ್ಚಲು ಬಿಡಲಿಲ್ಲ.

ಬೇಸಿಗೆಯೆಲ್ಲ ಅದು ನಮ್ಮ ನಡುಮನೆಯ ಗೋಡೆಗೆ ಆತುಕೊಂಡು ಸುಮ್ಮನೆ ಇತ್ತು. ಮಳೆ ಶುರುವಾದ ಮೇಲೆ ಒಳಗಿನಿಂದ ಮುಗ್ಗಲು ವಾಸನೆ ಬರತೊಡಗಿತು. ಒಂದು ಭಾನುವಾರ ಬಿಸಿಲು ಕಂಡದ್ದೇ ರಮೇಶ್ ಜೊತೆ ಸೇರಿ ಮುಚ್ಚಳ ಎತ್ತಿ, ಎಲ್ಲವನ್ನೂ ಮಹಡಿಗೆ ಹೊತ್ತು ಹರವಿದೆ. ಪೆಟ್ಟಿಗೆಯ ಒಳಗನ್ನು ಒರೆಸಿ, ಬೇವಿನೆಣ್ಣೆ ಹಚ್ಚಿ, ಗಾಳಿಯಾಡಲೆಂದು ಮುಚ್ಚಳವನ್ನು ತೆರೆದೇ ಇಟ್ಟೆ.

ಅವತ್ತು ಸಂಜೆ, ದೇವರಿಗೆ ದೀಪ ಹಚ್ಚಿ ಸ್ವಲ್ಪ ಹೊತ್ತಾಗಿತ್ತು. ಹೊರಗೆ ಮಳೆ ಹಿಡಿದಿತ್ತು. ನಾನು ಅಡುಗೆಮನೆಯಲ್ಲಿ, ರಮೇಶ್ ರೂಮಿನಲ್ಲಿ. ನಮ್ಮ ಜೊತೆಗೇ ಇರುವ ನನ್ನ ಅಮ್ಮ ನಡುಮನೆಯಲ್ಲಿ ಟಿವಿ ನೋಡುತ್ತಿದ್ದಳು. ಎರಡೂ ಮಂಡಿಗೆ ಆಪರೇಷನ್ ಆದವಳು, ವಾಕರ್ ಇಲ್ಲದೆ ಬಚ್ಚಲಿಗೂ ಹೋಗಲಾರಳು.

ಕರೆಂಟ್ ಹೋಯಿತು.

"ಅಮ್ಮಾ, ಅಲ್ಲೇ ಕೂತಿರು, ಬಂದೆ."

"ಹೂಂ..."

ದನಿ ಅಮ್ಮನದೇ. ಆದರೆ ಕುರ್ಚಿಯ ಕಡೆಯಿಂದ ಬರಲಿಲ್ಲ. ಎಲ್ಲೋ ಕೆಳಗಿನಿಂದ, ಬಾಯಿಗೆ ಸೆರಗು ಅಡ್ಡ ಹಿಡಿದಂತೆ... ಹಿಂದೆಯೇ ಏನೋ ಭಾರವಾದದ್ದು ಮೆತ್ತಗೆ ಕೂತ ಸದ್ದಾಯಿತು.

ರಮೇಶ್ ಮೊಬೈಲ್ ಟಾರ್ಚ್ ಹಿಡಿದು ಬಂದರು. ಕುರ್ಚಿ ಖಾಲಿ. ಅದರ ಮುಂದೆ ವಾಕರ್ ಹಾಗೇ ನಿಂತಿತ್ತು. ಬೀದಿ ಬಾಗಿಲಿನ ಚಿಲಕ ಹಾಕಿದಂತೆಯೇ ಇತ್ತು. ಬಚ್ಚಲು ನೋಡಿದೆವು, ದೇವರ ಕೋಣೆ, ಹಿತ್ತಿಲು ನೋಡಿದೆವು. ಕರೆದರೆ ಉತ್ತರವಿಲ್ಲ.

ಆಗ ಬೆಳಕು ಪೆಟ್ಟಿಗೆಯ ಮೇಲೆ ಬಿತ್ತು. ನಾನು ತೆರೆದಿಟ್ಟಿದ್ದ ಮುಚ್ಚಳ ಮುಚ್ಚಿತ್ತು.

ಆ ಮುಚ್ಚಳ ಎತ್ತಲು ಇಬ್ಬರು ಬೇಕು. ಎತ್ತಿದೆವು... ಒಳಗೆ ಅಮ್ಮ ಮಲಗಿದ್ದಳು. ಬಗ್ಗದ ಮಂಡಿಗಳನ್ನು ಎದೆಗೆ ಮಡಚಿಕೊಂಡು, ಒಂದು ಪಕ್ಕಕ್ಕೆ ಅಂಟಿಕೊಂಡು, ಕಿರಿದಾದ ಮಂಚದಲ್ಲಿ ಇನ್ನೊಬ್ಬರ ಜೊತೆ ಮಲಗಿದವರ ಹಾಗೆ. ನಿದ್ದೆಯ ಉಸಿರು. ಬೇವಿನೆಣ್ಣೆಯ ವಾಸನೆ ಒಂದಿಷ್ಟೂ ಇರಲಿಲ್ಲ. ಒದ್ದೆ ಕೂದಲಿನ, ಸೀಗೇಕಾಯಿಯ ವಾಸನೆ ಮೂಗಿಗೆ ಬಡಿಯಿತು.

ಭುಜ ಹಿಡಿದು ಅಲುಗಿಸಿದೆ. ಅಮ್ಮ ಕಣ್ಣು ಬಿಟ್ಟು ತುಟಿಯ ಮೇಲೆ ಬೆರಳಿಟ್ಟಳು.

"ಮೆಲ್ಲಗೆ ಮಾತಾಡೇ... ಮಲಗಿದಾರೆ."

"ಯಾರಮ್ಮಾ?"

"ಪಾಪ, ನಂಗೆ ಜಾಗ ಮಾಡ್ಕೊಟ್ರು."

ಅವಳನ್ನು ಎಬ್ಬಿಸಲು ಪೆಟ್ಟಿಗೆಯ ಇನ್ನೊಂದು ಪಕ್ಕಕ್ಕೆ ಕೈಯೂರಿದೆ. ಮರ ಬೆಚ್ಚಗಿತ್ತು. ಯಾರೋ ಆಗಷ್ಟೇ ಎದ್ದುಹೋದ ಹಾಸಿಗೆಯ ಹಾಗೆ.

ರಾತ್ರಿಯೆಲ್ಲ ನಾವಿಬ್ಬರೂ ಅಮ್ಮನ ಪಕ್ಕದಲ್ಲೇ ಕೂತಿದ್ದೆವು. ಅದಕ್ಕೂ ಮೊದಲು ರಮೇಶ್ ಮಳೆಯಲ್ಲೇ ಮಹಡಿಗೆ ಹೋಗಿ ತೊಯ್ದ ಕಂಬಳಿಗಳನ್ನು ತಂದು ಪೆಟ್ಟಿಗೆಗೆ ತುರುಕಿದ್ದರು. ಹಾಗೇಕೆ ಮಾಡಿದೆನೆಂದು ಅವರಿಗೇ ಗೊತ್ತಿಲ್ಲ.

ಬೆಳಗ್ಗೆ ಸರೋಜಮ್ಮನಿಗೆ ಫೋನ್ ಮಾಡಿದೆ. ನಾನು ಎರಡು ಮಾತು ಆಡುವಷ್ಟರಲ್ಲಿ ಅವರ ದನಿ ಬದಲಾಯಿತು.

"ಖಾಲಿ ಮಾಡಿದ್ಯಾ?"

"ಹೌದು."

"ಯಾರು ಹೋಗಿದ್ದು ಒಳಗೆ?"

"ಅಮ್ಮ."

"ಕರೆದಾಗ ಎದ್ರಾ?"

ಎದ್ದಳು ಎಂದೆ. ಆ ಕಡೆಯಿಂದ ಅಳು ಕೇಳಿಸಿತು. ಮಾವನ ಮನೆಯವರು ಗಣಿಯ ಕ್ವಾರ್ಟರ್ಸಿನಲ್ಲಿದ್ದಾಗ, ಗೋಡೆಗೆ ಸುಣ್ಣ ಬಳಿಯಲೆಂದು ಪೆಟ್ಟಿಗೆಯನ್ನು ಒಮ್ಮೆ ಖಾಲಿ ಮಾಡಿದ್ದರಂತೆ. ಅವರ ಗಂಡನ ಅಕ್ಕ ಆಗಿನ್ನೂ ಸಣ್ಣ ಹುಡುಗಿ. ಮುಚ್ಚಳ ತೆಗೆದಾಗ ಒಳಗೆ ಮಲಗಿದ್ದಳಂತೆ, ಹೀಗೇ ಒಂದು ಪಕ್ಕಕ್ಕೆ. ಕರೆದರೆ ಏಳಲಿಲ್ಲ. ರಂಗೂನಿನಲ್ಲೋ ಹಡಗಿನಲ್ಲೋ ಏನು ನಡೆದಿತ್ತೆಂದು ಹಿರಿಯರು ಯಾರಿಗೂ ಹೇಳಲಿಲ್ಲ. ಬರಿದಾಗಿ ಇಡಬೇಡಿ ಎಂದರು, ಅಷ್ಟೇ.

"ನನಗ್ಯಾಕೆ ಹೇಳ್ಲಿಲ್ಲ ನೀವು?"

"ಹೇಳಿದ್ರೆ ನೀನು ತಗೋತಿದ್ಯಾ ವಸುಧಾ?"

ಆ ಮಾತಿಗೆ ನನಗೆ ಬಂದ ಸಿಟ್ಟು ಇನ್ನೂ ಆರಿಲ್ಲ. ಆದರೆ ಪೆಟ್ಟಿಗೆಯನ್ನು ನಾನೂ ಈಗ ಯಾರಿಗೆ ಕೊಡಲಿ? ಹೇಳಿದರೆ ಯಾರೂ ಒಯ್ಯುವುದಿಲ್ಲ. ಹೇಳದೆ ಕೊಡಲು ಮನಸ್ಸು ಒಪ್ಪುವುದಿಲ್ಲ. ಹಳೆಯ ಸೀರೆ, ದಿಂಬು, ಪೇಪರು... ಸಿಕ್ಕಿದ್ದನ್ನೆಲ್ಲ ಒತ್ತಿ ತುಂಬಿ ಇಟ್ಟುಕೊಂಡಿದ್ದೇವೆ.

ಅಮ್ಮ ಆ ಸಂಜೆಯ ಮಾತು ಆಡಿರಲಿಲ್ಲ. ಮೊನ್ನೆ ಮಧ್ಯಾಹ್ನ ಹೂ ಕಟ್ಟುತ್ತ ಕೂತಿದ್ದಾಗ ನಾನೇ ಧೈರ್ಯ ಮಾಡಿ ಕೇಳಿದೆ, ಅವರು ನಿನಗೆ ಏನಾದರೂ ಹೇಳಿದರಾ ಎಂದು.

"ಹೇಳ್ಲಿಲ್ಲ. ನಿನ್ನ ಹೆಸರು ಕೇಳಿದ್ರು."

"...ಹೇಳಿದ್ಯಾ?"

"ಕೇಳಿದ್ರೆ ಹೇಳ್ದೆ ಇರಕ್ಕಾಗತ್ತಾ," ಎಂದು ಅಮ್ಮ ದಾರ ಎಳೆದು ಗಂಟು ಹಾಕಿದಳು.

ಈಗ ಮನೆಯೊಳಗಿಂದ ಯಾರಾದರೂ ಹೆಸರು ಹಿಡಿದು ಕರೆದರೆ, ಅಮ್ಮ ಎಲ್ಲಿದ್ದಾಳೆ, ರಮೇಶ್ ಎಲ್ಲಿದ್ದಾರೆ ಎಂದು ಮೊದಲು ನೋಡಿಕೊಳ್ಳುತ್ತೇನೆ. ಆಮೇಲಷ್ಟೇ ಓಗೊಡುತ್ತೇನೆ.