ಜೈಬುನ್ ಮಣ್ಣಿಗೆ ಬಿಟ್ಟದ್ದು

ಆ ಊರಿನಲ್ಲಿ ನಮ್ಮವರ ಪೈಕಿ ಹೆಂಗಸು ಯಾರೇ ಸತ್ತರೂ ಮೊದಲ ಫೋನು ಬರುತ್ತಿದ್ದದ್ದು ಮೌಲ್ವಿಗಲ್ಲ, ಜೈಬುನ್ ನಿಶಾಗೆ. ಅವಳು ಒಲೆ ಆರಿಸಿ, ಬಾಗಿಲ ಹಿಂದಿನ ಮೊಳೆಯಲ್ಲಿ ತೂಗಿದ್ದ ಚೀಲ ಎತ್ತಿಕೊಳ್ಳುತ್ತಿದ್ದಳು. ಕರ್ಪೂರ, ಹತ್ತಿ, ಬಿಳಿ ಬಟ್ಟೆ, ಫಿಜಿಯಿಂದ ತಮ್ಮ ಅಂಚೆಯಲ್ಲಿ ಕಳಿಸುವ ಬೋರೆ ಎಲೆಯ ಪುಡಿ, ಎಲ್ಲ ಅದರಲ್ಲಿ ಸಿದ್ಧವಾಗಿರುತ್ತಿತ್ತು. ಸತ್ತವಳ ಮೈ ತೊಳೆದು, ಬಟ್ಟೆ ಸುತ್ತಿ, ಗಂಡಸರ ಹೆಗಲಿಗೆ ಒಪ್ಪಿಸಿ ಮನೆಗೆ ಬಂದು ಮತ್ತೆ ಒಲೆ ಹಚ್ಚುತ್ತಿದ್ದಳು.

ಅವಳ ಗಂಡ ಸಾಬಿರ್ ಊರಾಚೆಯ ಮಾಂಸದ ಕಾರ್ಖಾನೆಯಲ್ಲಿ ಕುರಿಗಳನ್ನು ಹಲಾಲ್ ಮಾಡುತ್ತಿದ್ದ. ನ್ಯೂಜಿಲೆಂಡಿನ ಈ ದಕ್ಷಿಣದ ತುದಿಗೆ, ಈ ಹಾಳು ಚಳಿಗೆ, ಫಿಜಿಯ ಕಬ್ಬಿನ ಗದ್ದೆಯವರು ಬಂದು ಬಿದ್ದದ್ದೇ ಆ ಕಾರ್ಖಾನೆಗಾಗಿ. ಅವರು ಬಂದ ಮೊದಲ ವರ್ಷ ಒಬ್ಬ ಮುದುಕಿ ತೀರಿಕೊಂಡಳು. ತೊಳೆಯಲು ಬಲ್ಲವರು ಒಬ್ಬರೂ ಇರಲಿಲ್ಲ. ಅಜ್ಜಿಯ ಹಿಂದೆ ನೀರಿನ ಕೊಡ ಹೊತ್ತು ತಿರುಗಿದ್ದ ಜೈಬುನ್ ತೋಳು ಮಡಚಿದಳು. ಕೆಲಸ ಕೈಗೆ ಅಂಟಿತು. ಅಜ್ಜಿ ಕಲಿಸಿದ್ದ ನಿಯಮವೂ ಅಂಟಿತು: "ಮೈ ತೊಳೆಯೋಳು ಬಾಯಿ ಕಟ್ಟಿಕೊಳ್ಳಬೇಕು. ಕಂಡದ್ದರಲ್ಲಿ ಒಳ್ಳೇದಿದ್ರೆ ಹೇಳು. ಉಳಿದದ್ದು ಮಣ್ಣಿಗೆ ಬಿಡು."

ಹಾಗೆಂದು ಜೈಬುನ್ ಮೌನವ್ರತದ ಹೆಂಗಸೇನಲ್ಲ. ಮೀನಿನ ರೇಟು, ಯಾರ ಸೊಸೆ ರೊಟ್ಟಿ ಸುಡುತ್ತಾಳೆ, ಯಾರ ಮಗಳು ಕಾರು ಗುದ್ದಿಸಿದಳು, ಇವೆಲ್ಲ ಅವಳ ಬಾಯಿಂದಲೇ ಊರು ಸುತ್ತುತ್ತಿದ್ದವು. ಆದರೆ ಆ ತಣ್ಣನೆಯ ಕೋಣೆಯಲ್ಲಿ ಕಂಡ ಹಳೆಯ ಬಾಸುಂಡೆ, ಗಂಡನಿಗೂ ಗೊತ್ತಿರದ ಹೊಲಿಗೆಯ ಗುರುತು, ಒಂದನ್ನೂ ಅವಳು ಹೊರಗೆ ತಂದವಳಲ್ಲ.

ಬೇಲಿಯಾಚೆ ಮನೆಯ ಹಫೀಜನ್ ಅವಳ ಜೀವದ ಗೆಳತಿ. ಒಂದು ಮಾತಿಗೆ ಎರಡು ಮಾತು ಕೂಡಿಸದ, ದನಿ ಎತ್ತಿದ್ದನ್ನು ಯಾರೂ ಕೇಳದ ಹೆಂಗಸು. ಆದರೆ ಜೈಬುನ್ ಒಬ್ಬಳೇ ಸಿಕ್ಕರೆ ಚುಚ್ಚದೆ ಬಿಡುತ್ತಿರಲಿಲ್ಲ.

"ಗಂಡ ಕೊಯ್ಯೋನು, ಹೆಂಡ್ತಿ ತೊಳೆಯೋಳು. ಒಳ್ಳೇ ಜೋಡಿ ಹುಡುಕಿದ್ದಾನೆ ದೇವರು."

"ನಿನ್ನ ಸರದಿಗೆ ಸೋಪು ಜಾಸ್ತಿ ತರ್ತೀನಿ ಬಿಡು. ಬೇಕಾಗತ್ತೆ."

"ಸೋಪು ಹಾಳಾಗ್ಲಿ ಬಹಿನಿ, ನೀರು ಸರಿಯಾಗಿ ಕಾಯಿಸು. ಈ ಊರಲ್ಲಿ ಬದುಕಿರೋವಾಗ ನಡುಗಿದ್ದೇ ಸಾಕು, ಸತ್ತ ಮೇಲೂ ನಡುಗೋಕೆ ನನ್ನ ಕೈಲಾಗಲ್ಲ."

ಆ ಶುಕ್ರವಾರ ಜೈಬುನ್‌ಗೆ ಕೆಮ್ಮು. ನಮಾಜಿಗೆ ಹೋಗಲಿಲ್ಲ. ಹಫೀಜನ್ ನಾಲ್ಕು ವರ್ಷದ ಮೊಮ್ಮಗಳು ಅಫ್ರೀನಳ ಕೈ ಹಿಡಿದುಕೊಂಡು ಒಬ್ಬಳೇ ಹೋದಳು. ಅಫ್ರೀನಳ ತಾಯಿ, ಹಫೀಜನ್ ಮಗಳು ರೈಸುನ್‌ಗೆ ಅಂದು ಕೆಲಸವಿತ್ತು.

ನಮ್ಮ ಮಸೀದಿ ಮೊದಲು ನಾಟ್ಯಶಾಲೆಯಾಗಿತ್ತಂತೆ. ಹೆಂಗಸರಿಗೆ ಪರದೆ ಕಟ್ಟಿದ ಪಕ್ಕದ ಕೋಣೆ. ಅದರ ಮೂಲೆಯಲ್ಲಿ ಕೋಟು ತೂಗುಹಾಕುವ ಬೀರು, ಪಕ್ಕದಲ್ಲೇ ಹಿತ್ತಲಿಗೆ ಸಣ್ಣ ಬಾಗಿಲು, ಹಿತ್ತಲಲ್ಲಿ ಕೈಕಾಲು ತೊಳೆಯುವ ನಲ್ಲಿ. ಮೌಲ್ವಿ ಉಪದೇಶ ಶುರುಮಾಡುವ ಹೊತ್ತಿಗೆ ಒಬ್ಬ ಬಂದೂಕು ಹಿಡಿದು ಮುಂಬಾಗಿಲಿಂದ ಒಳಗೆ ಬಂದ. ಅವನು ಯಾರು, ಏನು ಓದಿಕೊಂಡು ಕೆಟ್ಟಿದ್ದ ಎಂಬುದೆಲ್ಲ ಕೋರ್ಟಿನಲ್ಲಿ ಬೇಕಾದಷ್ಟು ಆಯಿತು. ಅವನ ಹೆಸರು ಈ ಕಥೆಯಲ್ಲಿ ಬರುವುದಿಲ್ಲ. ಏಳು ಜನ ಸತ್ತರು. ಅವರಲ್ಲಿ ಹೆಂಗಸೆಂದರೆ ಹಫೀಜನ್ ಒಬ್ಬಳೇ. ನಲ್ಲಿಯ ಹತ್ತಿರ ಮುಖ ಅಡಿಯಾಗಿ ಬಿದ್ದಿದ್ದಳು. ಅಫ್ರೀನ್ ಬೀರುವಿನೊಳಗೆ, ಕೋಟುಗಳ ರಾಶಿಯ ಅಡಿಯಲ್ಲಿ, ಬಾಯಿ ಬಿಡದೆ ಕೂತಿದ್ದವಳು ಪೊಲೀಸರಿಗೆ ಸಿಕ್ಕಿದಳು. ಮಗುವಿನ ಮೈಮೇಲೆ ಒಂದು ಗೀರೂ ಇರಲಿಲ್ಲ.

ಹುತಾತ್ಮರನ್ನು ತೊಳೆಯುವ ಹಾಗಿಲ್ಲ, ಅವರು ತಮ್ಮ ರಕ್ತದಲ್ಲೇ ಹೋಗಬೇಕು ಎಂದು ಮೌಲ್ವಿ ಹೇಳಿದರು. ಆದರೆ ಆಸ್ಪತ್ರೆಯವರು ಕೊಯ್ದು, ಹೊಲಿದು, ತಾವೇ ಒರೆಸಿ ಚೀಲಕ್ಕೆ ಹಾಕಿ ಕಳಿಸಿದ್ದರು. ಇನ್ನೆಲ್ಲಿಯ ರಕ್ತ? ಮೌಲ್ವಿ ಕಣ್ಣೊರೆಸಿಕೊಂಡು, "ತೊಳೀರಿ ಬಹಿನಿ" ಅಂದರು. ರೈಸುನ್ ಹೊರಗಿನ ಬೆಂಚಿನ ಮೇಲೆ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಜೈಬುನ್ ನೀರು ಕಾಯಿಸಿದಳು. ಮೊಣಕೈ ಅದ್ದಿ ನೋಡಿ, ಸಾಲದೆಂದು ಇನ್ನೊಂದಿಷ್ಟು ಕಾಯಿಸಿದಳು.

ಬಲಗೈ ತೊಳೆಯುವಾಗ ಅಂಗೈ ಬಿಡಿಸಿದಳು. ಹೆಬ್ಬೆರಳ ಬುಡದ ಮಾಂಸದಲ್ಲಿ ಹಲ್ಲಿನ ಗುರುತು. ಪುಟ್ಟ ಹಲ್ಲುಗಳು, ಮೇಲೊಂದು ಸಾಲು, ಕೆಳಗೊಂದು ಸಾಲು. ಹಾಲುಹಲ್ಲು. ಕೆಳಗಿನ ಸಾಲಿನ ಕಡೆ ಚರ್ಮ ಕಿತ್ತು ಬಂದಿತ್ತು, ಕಚ್ಚಿದ ಬಾಯಿಂದ ಕೈಯನ್ನು ರಪ್ಪನೆ ಎಳೆದುಕೊಂಡರೆ ಕೀಳುತ್ತದಲ್ಲ, ಹಾಗೆ. ನೀರು ಹಾಕುತ್ತಿದ್ದ ಹೆಂಗಸು ಬೆನ್ನ ಹಿಂದಿದ್ದಳು. ಜೈಬುನ್ ಆ ಅಂಗೈಯನ್ನು ಮಡಚಿ, ತೋಳನ್ನು ಮೈಗೆ ಸೇರಿಸಿ, ಬಟ್ಟೆ ಸುತ್ತಿದಳು.

ಆಮೇಲೆ ಕಥೆಗಳ ಕಾಲ ಬಂತು. ಉಳಿದವರು ಪ್ರತಿ ಶುಕ್ರವಾರ ನಮಾಜು ಮುಗಿಸಿ ಚಹಾ ಹಿಡಿದು ಕೂತರೆ ಅದೇ ಮಾತು. ನಾನು ಕಂಬದ ಮರೆಯಲ್ಲಿದ್ದೆ, ನನ್ನ ಮೇಲೆ ಇಂಥವನು ಬಿದ್ದ, ಅದಕ್ಕೇ ಉಳಿದೆ. ಅವರನ್ನು ದೂರಿ ಪ್ರಯೋಜನವಿಲ್ಲ. ಹೇಳದಿದ್ದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ, ಹೇಳಿದರೂ ಬರುತ್ತಿರಲಿಲ್ಲ.

ಕಾರ್ಖಾನೆಯ ಜೈನುಲ್ ತೊಡೆಗೆ ಗುಂಡು ತಿಂದು ಹಿತ್ತಲಲ್ಲಿ ವ್ಯಾನಿನ ಅಡಿ ಬಿದ್ದಿದ್ದ. ಅವನು ಕಂಡದ್ದು ಇಷ್ಟು: ಹಫೀಜನ್ ಸಣ್ಣ ಬಾಗಿಲಿಂದ ಹೊರಗೆ ಓಡಿ ಬಂದಳು. ಮಗು ಜೊತೆಗಿರಲಿಲ್ಲ. ಕಿರುಚುತ್ತ, ಹಿಂದಕ್ಕೂ ನೋಡದೆ ನಲ್ಲಿಯ ಕಡೆ ಓಡಿದಳು. ಬಂದೂಕಿನವನು ಹಿಂದಿನಿಂದ ಬಂದು ಹೊಡೆದ. ಜೈನುಲ್ ಸುಳ್ಳು ಹೇಳುವವನಲ್ಲ, ಹೇಳುವಾಗ ಪ್ರತಿ ಸಲವೂ ಅಳುತ್ತಿದ್ದ. ಆದರೆ ಅವನ ಮಾತು ನಾಲ್ಕು ಮನೆ ದಾಟುವ ಹೊತ್ತಿಗೆ, "ಹಫೀಜನ್ ಮೊಮ್ಮಗಳನ್ನ ಬಿಟ್ಟು ಓಡಿದ್ಲಂತೆ, ಪಾಪ, ಜೀವಭಯ ಯಾರಿಗಿಲ್ಲ" ಎಂದಾಗಿತ್ತು. ಆ 'ಪಾಪ' ಇದೆಯಲ್ಲ, ಅದು ಬೈಗುಳಕ್ಕಿಂತ ಕೆಟ್ಟದ್ದು. ಮಡಕೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವುದು ಹೇಗೆ? ರೈಸುನ್‌ಳ ಎದುರು ಯಾರೂ ಆಡಲಿಲ್ಲ. ಹಾಗಾಗಿ ಅವಳಿಗೆ ಎಲ್ಲವೂ ತಿಳಿಯಿತು.

ಜೈಬುನ್‌ಗೆ ಇದು ಗಂಟಲಲ್ಲಿ ಸಿಕ್ಕಿಕೊಂಡ ಮೀನಿನ ಮುಳ್ಳು. ಹಲ್ಲಿನ ಗುರುತಿತ್ತು ಎಂದರೆ ಗೆಳತಿಯ ಮಾನ ಉಳಿಯುತ್ತದೆ: ಬೀರುವಿನಲ್ಲಿ ಮಗುವಿನ ಬಾಯಿಗೆ ಕೈ ಒತ್ತಿ ಅವಳೂ ಕೂತಿದ್ದಳೆಂದು ಗೊತ್ತಾಗುತ್ತದೆ. ಆದರೆ ಕಿತ್ತ ಚರ್ಮ? ಕೈ ಎಳೆದುಕೊಂಡದ್ದು ಏಕೆ? ಬಂದೂಕಿನವನನ್ನು ಆಚೆ ಸೆಳೆಯಲು ಎದ್ದಳೋ, ನೋವಿಗೆ, ಹೆದರಿಕೆಗೆ ತಡೆಯಲಾರದೆ ಎದ್ದಳೋ? ಇದು ಹೇಳಬೇಕಾದ ಒಳ್ಳೆಯದೋ, ಮಣ್ಣಿಗೆ ಬಿಡಬೇಕಾದ ಉಳಿದದ್ದೋ? ಅಜ್ಜಿ ಅಷ್ಟು ದೂರ ಕಲಿಸಿರಲಿಲ್ಲ. ಅಲ್ಲದೆ ಆ ಮಗು. ಮಾತು ಬಿಡಿಸಲು ಬಂದವರೆಲ್ಲ ಬಣ್ಣದ ಪೆನ್ಸಿಲು ಕೊಟ್ಟು ಹೋದರು. ಅವಳು ಬಾಗಿಲಿಲ್ಲದ ಮನೆಗಳನ್ನು ಬರೆದು ಸುಮ್ಮನಾದಳು. ಏನೂ ನೆನಪಿಲ್ಲ, ದೇವರು ದೊಡ್ಡವನು, ಎಂದರು ಎಲ್ಲರೂ. ನೆನಪಿಲ್ಲದವಳಿಗೆ, ನೀನು ಅಜ್ಜಿಯ ಕೈ ಕಚ್ಚಿದ್ದೆ ಎಂದು ಯಾರು ಹೇಳುತ್ತಾರೆ? ಜೈಬುನ್ ಬಾಯಿ ಕಟ್ಟಿದಳು.

ಐದು ವರ್ಷವಾದ ಮೇಲೆ ಊರಿನ ಮ್ಯೂಸಿಯಮ್ಮಿನಲ್ಲಿ ಒಂದು ಕೋಣೆ ಮಾಡುವುದೆಂದಾಯಿತು. ಗೋಡೆಯ ಮೇಲೆ ಏಳು ಫೋಟೋ, ಕೆಳಗೆ ಗುಂಡಿಗಳು, ಒತ್ತಿದರೆ ಕಂಡವರ, ಉಳಿದವರ ದನಿ. ಆ ದನಿಗಳನ್ನು ಕೂಡಿಸುತ್ತಿದ್ದವಳು ಮೆರೆಯಾನ. ಮಸೀದಿಯ ಎದುರು ಮನೆಯ ಮಾವೊರಿ ಹೆಂಗಸು. ಅಂದು ಬಾಗಿಲು ತೆರೆದಿಟ್ಟು, ಓಡಿ ಬಂದವರನ್ನೆಲ್ಲ ಒಳಗೆಳೆದು, ಮನೆಯ ಟವೆಲುಗಳನ್ನೆಲ್ಲ ಗಾಯಗಳಿಗೆ ಒತ್ತಿದವಳು. ಅವಳು ಕೇಳಿದರೆ ಇಲ್ಲವೆನ್ನುವುದು ಕಷ್ಟ. ಆದರೂ ಜೈಬುನ್ ಅಂದಳು.

"ನಾನಲ್ಲಿ ಇರಲೇ ಇಲ್ವಲ್ಲ."

"ಆಮೇಲೆ ಇದ್ರಲ್ಲ ಆಂಟಿ."

"ಆಮೇಲಿಂದು ಹೇಳೋ ಅಂಥದ್ದಲ್ಲ. ಈ ಉಪ್ಪಿನಕಾಯಿ ತಗೊಂಡು ಹೋಗು, ಹೊಸದು ಹಾಕಿದ್ದೀನಿ."

ಜೈನುಲ್ ತನ್ನ ಕಥೆ ಕೊಟ್ಟ. ಕೋಣೆ ತೆರೆಯುವ ಮುಂಚೆ ಸತ್ತವರ ಮನೆಯವರು ಕೇಳಿ ಒಪ್ಪಲಿ ಎಂದು ಮೆರೆಯಾನ ಎಲ್ಲರನ್ನೂ ಕರೆಸಿದಳು. ರೈಸುನ್ ಕೇಳಿದಳು. ಕೇಳಿ, ಶಾಲೆಯಿಂದ ಅಫ್ರೀನಳನ್ನು ಕರೆದುಕೊಂಡು ನೇರ ಜೈಬುನ್‌ಳ ಅಡುಗೆಮನೆಗೆ ಬಂದಳು. ಜೈಬುನ್ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಹುಡುಗಿಯನ್ನು ಟೀವಿಯ ಮುಂದೆ ಕೂರಿಸಿ ರೈಸುನ್ ಬಾಗಿಲು ಅರ್ಧ ಎಳೆದಳು.

"ಅಮ್ಮನ ಫೋಟೋ ಹಾಕ್ಬೇಡಿ ಅಂತ ಹೇಳಿ ಬಂದೆ ಚಾಚಿ."

"ಹುಚ್ಚೇನೇ ನಿಂಗೆ?"

"ಫೋಟೋ ಕೆಳಗೇ ಗುಂಡಿ. ಒತ್ತಿದ್ರೆ ಅಮ್ಮ ಓಡಿದ್ದು. ಊರ ಮಕ್ಕಳೆಲ್ಲ ಶಾಲೆಯಿಂದ ಸಾಲಾಗಿ ಬಂದು ಒತ್ತುತ್ತಾರೆ. ಇವಳೂ ಆ ಸಾಲಲ್ಲಿರ್ತಾಳೆ. ಬೇಡ. ಅಮ್ಮ ಅಲ್ಲಿ ಇರೋದೇ ಬೇಡ."

ಜೈಬುನ್ ಮತ್ತೆ ಹಿಟ್ಟು ನಾದತೊಡಗಿದಳು. ರೈಸುನ್ ಅವಳ ಹಿಟ್ಟಿನ ಕೈಯನ್ನೇ ಹಿಡಿದುಕೊಂಡಳು.

"ತೊಳೆದವರು ನೀವು. ಗುಂಡು ಬೆನ್ನಿಗೇ ಬಿದ್ದಿತ್ತಲ್ವಾ? ಓಡ್ತಾ ಇದ್ಲಲ್ವಾ? ಒಂದ್ಸಲ ಹೌದು ಅಂದ್ಬಿಡಿ, ನಾನು ಎದ್ದು ಹೋಗ್ತೀನಿ."

ಇನ್ನು ಸುಮ್ಮನಿದ್ದರೆ ಅದೇ 'ಹೌದು' ಆಗುತ್ತದೆ ಎಂದು ಜೈಬುನ್‌ಗೆ ಹೊಳೆಯಿತು. ದನಿ ತಗ್ಗಿಸಿ ಹೇಳಿದಳು.

"ನಿಮ್ಮಮ್ಮನ ಬಲಗೈಯಲ್ಲಿ ಹಲ್ಲಿನ ಗುರುತಿತ್ತು. ಸಣ್ಣ ಮಗುವಿನ ಹಲ್ಲು. ಅವಳು ಬಿಟ್ಟು ಓಡ್ಲಿಲ್ಲ ಕಣೇ. ಮೊದ್ಲು ಬೀರುವಿನಲ್ಲಿ ಮಗು ಬಾಯಿಗೆ ಕೈ ಇಟ್ಕೊಂಡು ಕೂತಿದ್ಲು. ಹೊರಗೆ ಬಂದಿದ್ದು ಆಮೇಲೆ. ಜೈನುಲ್ ಏನಂತಾನೆ? ಕಿರುಚ್ತಾ ಓಡಿದ್ಲು ಅಂತಾನೆ. ತಪ್ಪಿಸ್ಕೊಳ್ಳೋರು ಯಾರಾದ್ರೂ ಕಿರುಚ್ತಾರಾ? ಇಷ್ಟು ವರ್ಷದಲ್ಲಿ ನಿಮ್ಮಮ್ಮನ ದನಿ ಆ ಬೇಲಿ ದಾಟಿ ಬಂದದ್ದಿಲ್ಲ. ಅವತ್ತು ಕಿರುಚಿದ್ಲು. ಯಾಕೆ ಕಿರುಚಿದ್ಲು ಅಂತ ನೀನೇ ಯೋಚ್ನೆ ಮಾಡು."

ರೈಸುನ್ ಕುರ್ಚಿಯಲ್ಲಿ ಕುಸಿದಳು. ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಐದು ವರ್ಷದಲ್ಲಿ ಅಮ್ಮನ ಬಗ್ಗೆ ನಾಚಿಕೆಪಡದೆ ಅತ್ತದ್ದು ಅದೇ ಮೊದಲು.

ಬಾಗಿಲು ಪೂರ್ತಿ ತೆರೆದಿತ್ತು. ಅಫ್ರೀನ್ ನಿಂತಿದ್ದಳು.

"ನಾನೇ ಕಚ್ಚಿದ್ದು," ಅಂದಳು.

ರೈಸುನ್ ಬಾಯಿಂದ ಸೆರಗು ತೆಗೆದಳು.

"ಅಳು ಬಂದ್ರೆ ನನ್ನ ಕೈ ಕಚ್ಚು ಅಂತ ನಾನಿ ಹೇಳಿದ್ಲು. ತುಂಬಾ ಅಳು ಬಂತು. ಜೋರಾಗಿ ಕಚ್ಚಿಬಿಟ್ಟೆ. ನಾನಿ ಕೈ ಎಳ್ಕೊಂಡ್ಲು. ಆಮೇಲೆ ಎದ್ದು ಹೋಗ್ಬಿಟ್ಲು." ಹುಡುಗಿ ಅಳುತ್ತಿರಲಿಲ್ಲ, ಪಾಠ ಒಪ್ಪಿಸುವಂತೆ ಹೇಳುತ್ತಿದ್ದಳು. "ನಾನು ಮೆತ್ತಗೆ ಕಚ್ಚಿದ್ದಿದ್ರೆ ಹೋಗ್ತಿರ್ಲಿಲ್ಲ."

ಜೈಬುನ್ ಯಾರಿಗೆ ತಿಳಿಯಬಾರದೆಂದು ಬಾಯಿ ಕಟ್ಟಿದ್ದಳೋ ಆ ಕೂಸು ಅದನ್ನು ಒಬ್ಬಂಟಿಯಾಗಿ ಹೊತ್ತು ಬೆಳೆದಿತ್ತು. ತನ್ನ ಮೌನದ ಬಗ್ಗೆ ಅವಳಿಗೆ ಹೇಸಿಗೆಯಾಯಿತು.

"ಇಲ್ಲಿ ಬಾ," ಅಂದಳು. "ಯಾರು ಹೇಳಿದ್ರು ಕೈ ಎಳ್ಕೊಂಡ್ಲು ಅಂತ?"

"ನಂಗೆ ಗೊತ್ತು."

"ನಿಂಗೆ ಆಗ ನಾಲ್ಕು ವರ್ಷ, ಅಲ್ಲಿ ಕತ್ತಲೆ. ನಾನು ಬೆಳಕಲ್ಲಿ ನೋಡಿದ್ದೀನಿ, ನೀರು ಹಾಕಿ ತೊಳೆದು ನೋಡಿದ್ದೀನಿ. ಕೈ ಕೊಡು."

ಹುಡುಗಿಯ ಬೆರಳುಗಳನ್ನು ಹಿಡಿದು ಹಿಟ್ಟಿನ ಮುದ್ದೆಗೆ ಒತ್ತಿ, ಸರ್ರನೆ ಪಕ್ಕಕ್ಕೆ ಎಳೆದಳು. ಹಿಟ್ಟು ಹರಿದು ಸಿಬಿರಾಗಿ ಎದ್ದಿತು.

"ಎಳ್ಕೊಂಡಿದ್ರೆ ಹೀಗಿರ್ತಿತ್ತು. ಈಗ ನೋಡು." ಇನ್ನೊಂದು ಕಡೆ ಒತ್ತಿ, ಮೆಲ್ಲನೆ ನೇರಕ್ಕೆ ಎತ್ತಿದಳು. ನಾಲ್ಕು ಗುಂಡನೆಯ ಗುಳಿಗಳು ಅಚ್ಚುಕಟ್ಟಾಗಿ ಉಳಿದವು. "ನಿಮ್ಮ ನಾನಿ ಕೈಯಲ್ಲಿದ್ದದ್ದು ಇದು. ನೀನಾಗಿ ಬಾಯಿ ಬಿಡೋ ತನಕ ಕಾದಿದ್ದಾಳೆ. ಎಳ್ಕೊಂಡಿಲ್ಲ."

ಅಫ್ರೀನ್ ಆ ಎರಡು ಗುರುತುಗಳನ್ನು ಬಹಳ ಹೊತ್ತು ನೋಡಿದಳು.

"ನೋವಾಗ್ಲಿಲ್ವಾ ಅವಳಿಗೆ?"

"ಆಗಿರತ್ತೆ. ಆಗದೆ ಏನು? ಆದ್ರೂ ತೆಗೀಲಿಲ್ಲ."

"ಮತ್ತೆ ಯಾಕೆ ಹೋದ್ಲು?"

"ಅವನು ಬೀರು ಹತ್ರ ಬಂದಿದ್ದ. ಅವನನ್ನ ಆಚೆ ಕರ್ಕೊಂಡು ಹೋದ್ಲು."

ಹುಡುಗಿ ತಲೆಯಾಡಿಸಿದಳು. ಆಮೇಲೆ ಮುಖ ಸೊಟ್ಟಗಾಯಿತು. ಬಂದೂಕಿನ ದಿನ ಒಳಗೆ ನುಂಗಿದ್ದ ಅಳು ಅಷ್ಟೂ ಆ ಅಡುಗೆಮನೆಯಲ್ಲಿ ಹೊರಗೆ ಬಂತು. ಅವಳನ್ನು ತಬ್ಬಿಕೊಂಡ ರೈಸುನ್ ಮಗಳ ತಲೆಯ ಮೇಲಿಂದ ಜೈಬುನ್‌ಳನ್ನು ನೋಡಿದಳು. ನಿಜವಾ ಎಂದು ಕಣ್ಣು ಕೇಳುತ್ತಿತ್ತು. ಜೈಬುನ್ ಆ ಕಣ್ಣಿಗೆ ಸಿಗದೆ ಹಿಟ್ಟಿನ ಕಡೆ ತಿರುಗಿದಳು. ಹರಿದ ಗುರುತಿನ ಕಡೆಯನ್ನು ಮೊದಲು ಮಡಚಿ, ಒಳಗೆ ಸೇರಿಸಿ, ನಾದಿದಳು.

ಮರುದಿನ ತಾನೇ ಮೆರೆಯಾನಳ ಮನೆ ಬಾಗಿಲು ತಟ್ಟಿದಳು. ಮನೆಯಲ್ಲಿ ಆಡಿದ ಮಾತು ಮನೆಯಲ್ಲೇ ಉಳಿದರೆ ಮಗು ಮುಂದೊಂದು ದಿನ ಅನುಮಾನಪಡುತ್ತದೆ. ಊರಿಗೆಲ್ಲ ಕೇಳುವ ಹಾಗೆ ಹೇಳಿದ ಮಾತಿಗೆ ತೂಕ ಹೆಚ್ಚು. ತೊಳೆಯುವವಳ ಬಾಯಿ ಸುಳ್ಳಾಡಿತೇ ಎಂದು ಅಲ್ಲಾಹ್ ಕೇಳಿದರೆ, ಕಿತ್ತ ಚರ್ಮವನ್ನು ಮಣ್ಣಿಗೆ ಬಿಟ್ಟೆ, ಅದಕ್ಕೆ ನೀನೇ ಅಪ್ಪಣೆ ಕೊಟ್ಟಿದ್ದೆ, ಅನ್ನುತ್ತಾಳಂತೆ. ಅವನು ಒಪ್ಪುತ್ತಾನೋ ಇಲ್ಲವೋ ಅವಳಿಗೆ ಗೊತ್ತಿಲ್ಲ. ಈಗಲೂ ಕೆಲವು ದಿನ ನಮಾಜಿನ ಸಜ್ದಾದಲ್ಲಿ ನೆಲಕ್ಕೆ ತಲೆ ಇಟ್ಟವಳು ಬೇಗ ಎತ್ತುವುದಿಲ್ಲ.

ಈಗ ಆ ಕೋಣೆಯಲ್ಲಿ ಹಫೀಜನ್ ಫೋಟೋ ಇದೆ. ಕೆಳಗೆ ಎರಡು ಗುಂಡಿ. ಒಂದರಲ್ಲಿ ಜೈನುಲ್. ಇನ್ನೊಂದನ್ನು ಒತ್ತಿದರೆ ಮೊದಲು ಒಂದು ಕೆಮ್ಮು, ಆಮೇಲೆ ಜೈಬುನ್ ನಿಶಾಳ ದನಿ. ಹಲ್ಲಿನ ಗುರುತಿತ್ತು, ಕೈ ಎಳೆದುಕೊಂಡಿರಲಿಲ್ಲ ಎನ್ನುತ್ತದೆ. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ, ಯಾರೂ ಕೇಳದಿದ್ದರೂ, ಇನ್ನೊಂದು ಮಾತು ಸೇರಿಸುತ್ತದೆ: "ನೀರು ಬಿಸಿಯಾಗಿತ್ತು. ಚೆನ್ನಾಗಿ ಕಾಯಿಸಿದ್ದೆ."

ಅದು ಮಾತ್ರ ಪೂರಾ ನಿಜ.